ಅಕ್ಕೋರ ವಾರ್ಷಿಕ ಯೋಜನೆ

ಮೇ ತಿಂಗಳ ಕಡೆಯ ವಾರ ಬಂತೆಂದರೆ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಆರು, ಏಳು, ಎಂಟನೆಯ ತರಗತಿಗೆ ಕನ್ನಡ ಕಲಿಸುವ ಅಕ್ಕೋರು ನಾನು. ಜೂನ್‌ನಿಂದ ಮಾರ್ಚ್‌ವರೆಗೆ ಯಾವ ವಾರ ಯಾವ ಪಾಠ, ಯಾವ ಪದ್ಯ, ಯಾವ ವ್ಯಾಕರಣ ಎಂದು ಮೊದಲೇ ಬರೆದು ಒಪ್ಪಿಸಬೇಕು. ಅದಕ್ಕೆ ವಾರ್ಷಿಕ ಯೋಜನೆ ಎಂದು ಹೆಸರು. ಬರೆಯುತ್ತ ಬರೆಯುತ್ತ ಎರಡು ಸಲ ಅಡುಗೆಮನೆಗೆ ಹೋಗುತ್ತೇನೆ, ಒಲೆಯ ಮೇಲೆ ಏನೂ ಇರುವುದಿಲ್ಲ. ಮೂರು ಸಲ ಬಾಗಿಲಿಗೆ ಹೋಗುತ್ತೇನೆ, ಯಾರೂ ಬಂದಿರುವುದಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಬರೆದಂತೆ ಒಂದು ವರ್ಷವೂ ನಡೆದಿಲ್ಲ. ಬರೆಯದೇ ಇದ್ದದ್ದು ಮಾತ್ರ ತಪ್ಪದೆ ನಡೆದಿದೆ.

ಅಳತೆ

ಮೊದಲ ಯೋಜನೆಯನ್ನು ಲಕ್ಷ್ಮೇಶ್ವರದ ತವರುಮನೆಯಲ್ಲಿ ಕೂತು ಬರೆದೆ. ನೌಕರಿಯ ಆದೇಶ ಬಂದಿತ್ತು, ಶಾಲೆ ಇನ್ನೂ ತೆರೆದಿರಲಿಲ್ಲ. ನನಗೋ ತಡೆಯಲಾಗದ ಅವಸರ. ನಾಲ್ಕು ಬಣ್ಣದ ಪೆನ್ನು ತಂದು ದೊಡ್ಡ ಹಾಳೆಯ ಮೇಲೆ ಇಡೀ ವರ್ಷವನ್ನು ಮನೆ ಮನೆಯಾಗಿ ಗೆರೆ ಕೊರೆದು ತುಂಬಿದೆ.

ನನ್ನ ತಂದೆ, ಅಬ್ಬಾ, ಟೇಲರ್. ಮನೆಯಲ್ಲಿ ನಾವು ಮಾತಾಡುವುದು ಉರ್ದು. ನನ್ನನ್ನು ಕಾಡಿಸಬೇಕಾದಾಗ ಮಾತ್ರ ಅವರು ಕನ್ನಡಕ್ಕೆ ಬರುತ್ತಾರೆ. ಮಷೀನು ನಿಲ್ಲಿಸಿ ಹಾಳೆ ನೋಡಿದರು.

"ಛಲೋ ಐತಿ. ಹುಡುಗರನ್ನ ನೋಡಿಯೇನು?"

"ಇನ್ನೂ ಇಲ್ಲ ಅಬ್ಬಾ. ಶಾಲಿ ಸುರು ಆಗಬೇಕಲ್ಲ."

"ಅಂದ್ರ ಅಳತಿ ತಗೊಳ್ಳದನ ಕತ್ತರಿ ಹಾಕಿ ಬಿಟ್ಟಿ."

ನಾನು ಮುಖ ಊದಿಸಿಕೊಂಡೆ. ಶಾಲೆ ಶುರುವಾಗಿ ಎರಡನೇ ವಾರಕ್ಕೆ ಗೊತ್ತಾಯಿತು, ಏಳನೇ ತರಗತಿಯ ಅರ್ಧ ಮಕ್ಕಳಿಗೆ ಒತ್ತಕ್ಷರವೇ ಓದಲು ಬರುವುದಿಲ್ಲ, ನಾನು ಮೊದಲ ತಿಂಗಳಿಗೇ ಹಳಗನ್ನಡ ಪದ್ಯ ಇಟ್ಟಿದ್ದೇನೆ. ರವಿವಾರ ಮನೆಗೆ ಬಂದು ಅಬ್ಬಾನ ಮುಂದೆ ಹಾಳೆ ಇಟ್ಟು ಕೇಳಿದೆ, "ಈಗೇನು ಮಾಡ್ಲಿ?"

ಅವರು ತಲೆ ಎತ್ತಲಿಲ್ಲ. "ಮಾಡೂದೇನು, ಹೊಲಿಗಿ ಬಿಚ್ಚು. ಗಿರಾಕಿ ಬರೋದ್ರಾಗ ಮತ್ತ ಹೊಲಿ. ನಾವೂ ಅದನ್ನ ಮಾಡ್ತೀವಿ, ಯಾರಿಗೂ ಹೇಳಂಗಿಲ್ಲ."

ಪೆನ್ಸಿಲ್

ಆ ಶಾಲೆ ಶಿರಹಟ್ಟಿ ತಾಲೂಕಿನಲ್ಲಿತ್ತು. ಅಲ್ಲಿನ ಹೆಡ್‌ಮಾಸ್ತರರು ನಿವೃತ್ತಿಗೆ ಹತ್ತಿರವಾದ ಸಮಾಧಾನದ ಮನುಷ್ಯ. ಎರಡನೇ ವರ್ಷ ನನ್ನ ಯೋಜನೆ ನೋಡಿ ಮೇಜಿನ ಖಾನೆಯಿಂದ ಒಂದು ಪೆನ್ಸಿಲ್, ಒಂದು ರಬ್ಬರ್ ತೆಗೆದುಕೊಟ್ಟರು.

"ಅಕ್ಕೋರ, ಯೋಜನಿ ಅನ್ನೂದು ಇದರಾಗ ಬರೀಬೇಕ್ರಿ."

ಅದೇಕೆಂದು ನನಗೆ ತಿಳಿಯಲು ತಡವಾಗಲಿಲ್ಲ. ಮೊದಲು ತರಬೇತಿ ಬಂತು, ಆಮೇಲೆ ಗಣತಿ ಕೆಲಸ, ಆಮೇಲೆ ಕ್ರೀಡಾಕೂಟ. ಒಂದೊಂದು ಬಂದಾಗಲೂ ಆ ತಿಂಗಳ ಪಾಠ ಅಳಿಸಿ ಮುಂದಿನ ತಿಂಗಳಿಗೆ ತಳ್ಳಿದೆ. ಡಿಸೆಂಬರಿಗೆ ಒಬ್ಬ ಅಧಿಕಾರಿ ತಪಾಸಣೆಗೆ ಬಂದಾಗ ಜೂನ್‌ನಿಂದ ನವೆಂಬರ್‌ವರೆಗಿನ ಮನೆಗಳು ಬೆಳ್ಳಗೆ ತೊಳೆದಂತಿದ್ದವು. ಪಾಠಗಳೆಲ್ಲ ಫೆಬ್ರವರಿ, ಮಾರ್ಚಿನಲ್ಲಿ ಒಂದರ ಮೇಲೊಂದು ಕೂತಿದ್ದವು.

"ಇದೇನ್ರಿ, ಅರ್ಧ ವರ್ಷ ಖಾಲಿ?" ಅಂದರು ಅಧಿಕಾರಿ.

ಹೆಡ್‌ಮಾಸ್ತರರು ಚಹಾದ ಕಪ್ಪು ಮುಂದೆ ಸರಿಸುತ್ತ, "ಅಕ್ಕೋರು ಮುಗಿಸಿದ ಪಾಠ ಅಳಿಸಿ ಬಿಡ್ತಾರ್ರಿ ಸರ," ಅಂದರು.

ಅಧಿಕಾರಿಗೆ ಬಹಳ ಸಂತೋಷವಾಯಿತು. "ಭಾಳ ಛಲೋ ಪದ್ಧತಿ," ಎಂದು ಬರೆದು ಸಹಿ ಮಾಡಿದರು. ಮುಂದಿನ ತಿಂಗಳು ಅಕ್ಕಪಕ್ಕದ ನಾಲ್ಕು ಶಾಲೆಯ ಕನ್ನಡ ಶಿಕ್ಷಕರು ನನ್ನ ಕಡೆ ಬಂದರು, ಆ ಪದ್ಧತಿ ಕಲಿಯಲಿಕ್ಕೆ.

ಸಮುದ್ರ

ಒಂದು ವರ್ಷ ಹುಲಕೋಟಿಯಲ್ಲಿ ಕನ್ನಡ ಶಿಕ್ಷಕರ ಸಭೆ. ಎಲ್ಲರೂ ತಮ್ಮ ತಮ್ಮ ಯೋಜನೆ ತರಬೇಕಿತ್ತು. ನಾವು ಸುಮಾರು ಮೂವತ್ತು ಜನ. ಸಭೆ ನಡೆಸಲು ಬಂದಿದ್ದ ಇಲಾಖೆಯ ಸಾಹೇಬರು ಮೊದಲನೆಯವರ ಯೋಜನೆ ಓದಿದರು, ಎರಡನೆಯವರದು ಓದಿದರು, ಮೂರನೆಯವರದು ಓದುವಾಗ ಕನ್ನಡಕ ತೆಗೆದು ಒರೆಸಿಕೊಂಡರು. ಮೂರರಲ್ಲೂ ನವೆಂಬರಿಗೆ ಒಂದೇ ಸಾಲು: "ಮಕ್ಕಳನ್ನು ಹತ್ತಿರದ ಸಮುದ್ರತೀರಕ್ಕೆ ಕರೆದೊಯ್ದು ಅಲೆಗಳ ಕುರಿತು ಐದು ವಾಕ್ಯ ಬರೆಸುವುದು."

ಕರಾವಳಿಯ ಯಾರೋ ಪುಣ್ಯಾತ್ಮರು ಬರೆದ ಯೋಜನೆ ವಾಟ್ಸಾಪ್‌ನಲ್ಲಿ ಘಟ್ಟ ಹತ್ತಿ ಬಂದು ನಮ್ಮೆಲ್ಲರ ಕೈ ಸೇರಿತ್ತು.

"ಗದಗಿಂದ ಸಮುದ್ರ ಎಷ್ಟು ದೂರ ಐತ್ರಿ?" ಸಾಹೇಬರು ಕೇಳಿದರು.

ಎಲ್ಲರಿಗಿಂತ ಹಿರಿಯ ಮಾಸ್ತರರು ಎದ್ದು ನಿಂತು, "ಅದಕ್ಕ ಸರ, ಒಂದ ತಾಸು ಸಾಲಂಗಿಲ್ಲ ಅಂತ ಎರಡು ತಾಸು ಕೊಟ್ಟೀನ್ರಿ," ಅಂದರು.

ಸಭೆ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಏಕೆಂದರೆ ನಾನು ಜಾಣೆ. ಕಂಪ್ಯೂಟರಿನಲ್ಲಿ ಸಮುದ್ರ ಎಂದು ಇದ್ದಲ್ಲೆಲ್ಲ ಕೆರೆ ಎಂದು ಬದಲಾಯಿಸಿಕೊಂಡಿದ್ದೆ. ಸಾಹೇಬರು ನನ್ನ ಯೋಜನೆ ಎತ್ತಿಕೊಂಡು ಒಂದು ಪುಟ ಮುಂದೆ ಹೋದರು. ಅಲ್ಲಿತನಕ ನಾನು ಓದಿರಲಿಲ್ಲ.

"ಅಕ್ಕೋರ, ಕೆರ್ಯಾಗಿನ ಹಡಗು ಎಣಿಸೂದು ಅಂತ ಬರದೀರಿ. ಹೋದ ವರ್ಷ ಎಷ್ಟು ಬಂದಿದ್ವ್ರಿ?"

ಅಜ್ಜಿಯ ವಯಸ್ಸು

ಮುಂಡರಗಿ ಕಡೆಗೆ ವರ್ಗವಾದ ಮೇಲೆ, ಆಗಸ್ಟಿನ ಚಟುವಟಿಕೆಗೆ "ಮನೆಯ ಹಿರಿಯರ ಸಂದರ್ಶನ" ಇಟ್ಟೆ. ಮೂರೂ ತರಗತಿಗೆ ಅದೇ. ಪ್ರಶ್ನೆಯನ್ನೂ ನಾನೇ ಬರೆಸಿದೆ: ಹೆಸರೇನು, ವಯಸ್ಸೆಷ್ಟು, ಬಾಲ್ಯದ ಆಟ ಯಾವುವು.

ಕೊರ್ಲಹಳ್ಳಿಯಿಂದ ಬರುವ ಮೂವರು ಅಕ್ಕತಂಗಿಯರು ಒಬ್ಬಳೇ ಅಜ್ಜಿಯನ್ನು ಬೇರೆ ಬೇರೆಯಾಗಿ ಸಂದರ್ಶಿಸಿದ್ದರು. ಎಂಟನೇ ತರಗತಿಯವಳ ವಹಿಯಲ್ಲಿ ಅಜ್ಜಿಗೆ ಎಂಬತ್ತೆರಡು, ಏಳರವಳದರಲ್ಲಿ ಎಪ್ಪತ್ತು, ಆರರವಳದರಲ್ಲಿ ಐವತ್ತೈದು. ಯಾವುದಕ್ಕೆ ಸರಿ ಗುರುತು ಹಾಕಬೇಕೆಂದು ತಿಳಿಯದೆ ಅಜ್ಜಿಯನ್ನೇ ಕರೆಸಿದೆ.

ಅಜ್ಜಿ ಬಂದು ಕಟ್ಟೆಯ ಮೇಲೆ ಕೂತು ಸಾವಕಾಶವಾಗಿ ಹೇಳಿತು: "ದೊಡ್ಡಾಕಿ ವಹಿ ಹಿಡಕೊಂಡು ಬಂದಾಗ ಪಿಂಚಣಿ ಆಫೀಸಿನವರು ಕೇಳ್ಯಾರ ಅಂತ ತಿಳಕೊಂಡ್ನಿ, ಎಂಬತ್ತೆರಡು ಅಂದ್ನಿ. ನಡಕಿನಾಕಿ ಬಂದಾಗ ಸಾಲಿಂದು ಅಂತ ಗೊತ್ತಾತು, ಖರೇ ಹೇಳಿದ್ನಿ."

"ಮತ್ತ ಸಣ್ಣಾಕಿಗೆ ಐವತ್ತೈದು ಯಾಕ ಅಂದಿ ಅಜ್ಜಿ?"

"ಆಕಿ ಅವರಪ್ಪನ ಮೊಬೈಲ್ ತಂದಿದ್ಳಲ್ರಿ ಅಕ್ಕೋರ. ಫೋಟೋ ತಗೀತೀನಿ ಅಂದ್ಳು."

ಮೂರು ಕಾರಣ

ಆ ಶಾಲೆಯಲ್ಲೇ ಮುಂದಿನ ವರ್ಷ ಎಂಟನೇ ತರಗತಿಗೆ ಪತ್ರಲೇಖನವನ್ನು ಚೆನ್ನಾಗಿ ಕಲಿಸಬೇಕೆಂದು ಪಣ ತೊಟ್ಟೆ. ಯೋಜನೆಯಲ್ಲಿ ಮೂರು ವಾರ ಕೊಟ್ಟೆ. ವಿಷಯದ ಸಾಲು ಎಲ್ಲಿ ಬರೆಯಬೇಕು, ಮಾನ್ಯರೇ ಎಂದು ಎಲ್ಲಿ ಶುರು ಮಾಡಬೇಕು, ಎಲ್ಲ ತಿದ್ದಿ ತಿದ್ದಿ ಹೇಳಿದೆ. "ಸುಮ್ಮನ ಬೇಡಿಕೊಂಡ್ರ ಯಾರೂ ಕೇಳಂಗಿಲ್ಲ. ಕಾರಣ ಕೊಡ್ರಿ. ಕಡಿಮಿ ಅಂದ್ರ ಮೂರು, ಎಲ್ಲಾ ಖರೇವು ಇರಬೇಕು." ಮಕ್ಕಳು ಎಷ್ಟು ಆಸಕ್ತಿಯಿಂದ ಬರೆದುಕೊಂಡರೆಂದರೆ, ಮೊದಲ ಬಾರಿಗೆ ನನ್ನ ಯೋಜನೆ ಹಾಳೆಯಲ್ಲಿದ್ದಂತೆಯೇ ನಡೆಯುತ್ತಿದೆ ಅನ್ನಿಸಿ ಒಂದು ವಾರ ಮನಸ್ಸು ತಣ್ಣಗಿತ್ತು.

ಅಷ್ಟರಲ್ಲಿ ವರ್ಗಾವಣೆಯ ಸುದ್ದಿ ಎದ್ದಿತು. ಗದಗ-ಬೆಟಗೇರಿಯಲ್ಲಿ ನನ್ನ ಮನೆ ಇರುವುದರಿಂದ ನಾನೂ ಅರ್ಜಿ ಹಾಕುತ್ತೇನೆಂದು ಮಕ್ಕಳಿಗೆ ಯಾರೋ ಹೇಳಿದ್ದರು. ಹದಿನೈದು ದಿನ ಕಳೆದು ತಾಲೂಕಿನ ಶಿಕ್ಷಣಾಧಿಕಾರಿ ಸಾಹೇಬರೇ ಶಾಲೆಗೆ ಬಂದರು. ಈ ಶಾಲೆಯ ಹೆಡ್‌ಮಾಸ್ತರರ ಎದುರಿಗೆ ನನ್ನನ್ನು ಕೂಡಿಸಿ ಒಂದು ಪತ್ರ ಬಿಚ್ಚಿದರು.

"ಎಂಟನೇತ್ತೆ ಮಕ್ಕಳು ಬರದಾರ್ರಿ. ನಿಮ್ಮನ್ನ ವರ್ಗ ಮಾಡಬಾರದಂತ."

ನನ್ನ ಕಣ್ಣಲ್ಲಿ ನೀರು ಬಂತು. ಸಾಹೇಬರು ಓದಿದರು. ಕಾರಣ ಒಂದು: ಅಕ್ಕೋರು ಚೆನ್ನಾಗಿ ಕಲಿಸುತ್ತಾರೆ. ಕಾರಣ ಎರಡು: ಅಕ್ಕೋರು ಹೊಡೆಯುವುದಿಲ್ಲ. ಹೆಡ್‌ಮಾಸ್ತರರು ನನ್ನ ಕಡೆ ನೋಡಿ ಹೆಮ್ಮೆಯಿಂದ ತಲೆಯಾಡಿಸಿದರು. ಸಾಹೇಬರು ಮುಂದುವರಿದರು.

"ಕಾರಣ ಮೂರು: ಅಕ್ಕೋರು ದಿನಾಲೂ ಮೂರೂ ಮುಕ್ಕಾಲರ ಬಸ್ಸಿಗೆ ಹೋಗುವುದರಿಂದ ಕಡೆಯ ತಾಸು ನಮಗೆ ಆಟಕ್ಕೆ ಸಿಗುತ್ತದೆ. ಹೊಸಬರು ಬಂದು ಇದೇ ಊರಿನಲ್ಲಿ ಮನೆ ಮಾಡಿದರೆ ನಮಗೆ ಬಹಳ ತೊಂದರೆಯಾಗುತ್ತದೆ."

ಹೆಡ್‌ಮಾಸ್ತರರು ಕಿಟಕಿಯ ಕಡೆ ತಿರುಗಿದರು. ಆ ಬಸ್ಸು ತಪ್ಪಿದರೆ ಇನ್ನೊಂದು ಬಸ್ಸಿಗೆ ಎರಡು ತಾಸು ಕಾಯಬೇಕು, ಅದು ಅವರಿಗೂ ಗೊತ್ತಿತ್ತು. ಅವರೂ ಅದೇ ಬಸ್ಸಿಗೆ ಬರುತ್ತಿದ್ದರು.

"ದಿನಾಲೂ ಅಲ್ರಿ ಸರ," ಅಂದೆ ನಾನು. "ಶುಕ್ರವಾರ ಅಷ್ಟ, ಉಳಿದ ದಿನ ಮುಂದಿನ ಬಸ್ಸಿಗೆ. ದಿನಾಲೂ ಅನ್ನೂದು ಅತಿಶಯೋಕ್ತಿ."

"ಅದನ್ನೂ ನೀವ ಕಲಿಸೀರೇನ್ರಿ?"

"ಹೌದ್ರಿ ಸರ. ಜುಲೈದಾಗ."

ಸಾಹೇಬರು ಪತ್ರ ಮಡಚಿದರು. "ಇದರಾಗ ಒಂದೂ ಅಕ್ಷರ ತಪ್ಪಿಲ್ಲ, ಹತ್ತಕ್ಕ ಹತ್ತು ಕೊಡಬೇಕು. ಈಗ ನೀವು ನನಗೊಂದು ವಿವರಣೆ ಪತ್ರ ಬರೀರಿ. ಮೂರು ಕಾರಣ ಇರಲಿ, ಖರೇವು ಇರಲಿ."

ಅವತ್ತು ಕೂತು ನಿಂತು ಬರೆದು ಕಳಿಸಿದೆ. ನಾಲ್ಕನೇ ದಿನಕ್ಕೆ ಪತ್ರ ವಾಪಸು ಬಂತು. ಎರಡು ತಪ್ಪಕ್ಷರಕ್ಕೆ ಕೆಂಪು ಸುತ್ತು ಹಾಕಿದ್ದರು. ವಿಷಯದ ಸಾಲು ಬರೆಯುವುದನ್ನೇ ನಾನು ಮರೆತಿದ್ದೆ. ಕೆಳಗೆ ಸಾಹೇಬರ ಅಕ್ಷರದಲ್ಲಿ ಒಂದೇ ಮಾತಿತ್ತು: "ಎಂಟನೇ ತರಗತಿಯ ಮಕ್ಕಳಿಂದ ತಿದ್ದಿಸಿಕೊಂಡು ಮತ್ತೆ ಕಳುಹಿಸುವುದು."