ಸೋಲೂರಲ್ಲಿ ಗೆದ್ದವನ ಥಾಯ್ ಊಟ

ಈ ಭೂಮಿಯ ಮೇಲೆ ಬೇಯಿಸಿದ ಯಾವ ಪದಾರ್ಥಕ್ಕೂ ನಾನು ತಲೆಬಾಗುವವನಲ್ಲ! ಇದು ನನ್ನ ಪ್ರತಿಜ್ಞೆ. ಇವತ್ತಿನವರೆಗೂ ನಾನಿದನ್ನು ವಾಪಸ್ ತೆಗೆದುಕೊಂಡಿಲ್ಲ. ಮುಂದೆ ನಡೆದದ್ದನ್ನು ಓದಿ ನೀವು ನಕ್ಕರೆ ನಗಿ, ನನ್ನ ಬಾಯಿಂದ ಸೋತೆ ಅನ್ನಿಸಲು ಮಾತ್ರ ನೋಡಬೇಡಿ.

ನಾನು ನಟರಾಜು. ರಾಮನಗರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಕೊರಳಲ್ಲಿ ಸೀಟಿ ಇದೆ, ಅದನ್ನು ಊದಿದರೆ ಆರುನೂರು ಮಕ್ಕಳು ನಿಂತಲ್ಲೇ ನಿಲ್ಲುತ್ತಾರೆ. ಆದರೆ ನನ್ನ ನಿಜವಾದ ಕೀರ್ತಿ ಇರುವುದು ಹೊಟ್ಟೆಯಲ್ಲಿ. ಆರು ವರ್ಷದ ಹಿಂದೆ ಸೋಲೂರಿನಲ್ಲಿ ನಡೆದ ಮುದ್ದೆ ಉಣ್ಣುವ ಸ್ಪರ್ಧೆಯಲ್ಲಿ ಅರ್ಧ ಗಂಟೆಗೆ ಒಂಬತ್ತು ಮುದ್ದೆ ಇಳಿಸಿ, ಒಂದು ತೊಟ್ಟು ನೀರು ಮುಟ್ಟದೆ, ಮೊದಲ ಬಹುಮಾನ ಹೊಡೆದವನು ನಾನು. ಬೇರೆ ಊರಲ್ಲಿ ಯಾರು ಬೇಕಾದರೂ ಗೆಲ್ಲಬಹುದು ಸ್ವಾಮಿ, ಸೋಲೂರಲ್ಲಿ ಗೆಲ್ಲುವುದಕ್ಕೆ ಗುಂಡಿಗೆ ಬೇಕು! ಬಹುಮಾನದ ಸ್ಟೀಲ್ ಡ್ರಮ್ಮಿನ ಮೇಲೆ ನನ್ನ ಹೆಸರು ಕೆತ್ತಿದ್ದಾರೆ. ಈಗ ಅದರಲ್ಲಿ ನನ್ನ ಹೆಂಡತಿ ರಾಧಾಮಣಿ ರಾಗಿ ಹಿಟ್ಟು ತುಂಬಿಡುತ್ತಾಳೆ.

ನಮ್ಮ ಕಡೆಯವರಿಗೆ ಹೇಳಬೇಕಾದ್ದಿಲ್ಲ, ದೂರದವರಿಗಾಗಿ ಹೇಳುತ್ತೇನೆ. ಮುದ್ದೆಯನ್ನು ಅಗಿಯುವುದಿಲ್ಲ. ಮುರಿಯಬೇಕು, ಉಂಡೆ ಮಾಡಬೇಕು, ಸಾರಲ್ಲಿ ಹೊರಳಿಸಬೇಕು, ನುಂಗಬೇಕು. ಹಲ್ಲಿಗೆ ಅಲ್ಲಿ ಕೆಲಸವೇ ಇಲ್ಲ, ರಜೆ! ಅಗಿಯುವವನು ಪಂಕ್ತಿಯಲ್ಲಿ ಕೂತರೆ ಒಂದೇ ತುತ್ತಿಗೆ ಹೊರಗಿನವನು ಅಂತ ಗೊತ್ತಾಗಿಬಿಡುತ್ತದೆ.

ರಗಳೆ ಶುರುವಾದದ್ದು ಒಂದು ಶನಿವಾರ ಮಧ್ಯಾಹ್ನ. ರಾಧಾಮಣಿ ಮುದ್ದೆ ತಿರುವುತ್ತಿದ್ದವಳು ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಹೊರಗೆ ಬಂದಳು.

"ರೀ, ಹತ್ತೊಂಬತ್ತು ವರ್ಷದಿಂದ ದಿನಾ ಹಿಟ್ಟು ತಿರುವ್ತಾ ಇವ್ನಿ. ಮುಂಗೈ ಒಸಿ ಅಲ್ಲ, ಬೋ ನೋಯ್ತದೆ. ಭಾನುವಾರ ಒಂದಿನ ನನ್ನ ಬುಟ್ಬುಡಿ."

"ಭಾನುವಾರ ಮುದ್ದೆ ಬುಟ್ರೆ ಸೋಮವಾರ ನನ್ನ ಕಾಲಿಗೆ ಶಕ್ತಿ ಎಲ್ಲಿಂದ ಬತ್ತದೆ?"

"ಸೀಟಿ ಊದಕ್ಕೆ ಕಾಲು ಯಾಕ್ರೀ ಬೇಕು?"

ಇಷ್ಟಕ್ಕೇ ನಿಂತಿದ್ದರೆ ಗಂಡ ಹೆಂಡಿರ ಜಗಳ ಅಂತ ಮುಗಿಯುತ್ತಿತ್ತು. ಆದರೆ ಅವಳ ತಮ್ಮ ಬಾಲರಾಜು ಅಲ್ಲೇ ಕೂತಿದ್ದ. ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಕಾರು ಜೋಡಿಸುವ ಕಂಪನಿಯಲ್ಲಿ ಕೆಲಸ. ಅಲ್ಲಿ ಹೊರದೇಶದ ಎಂಜಿನಿಯರುಗಳ ಜೊತೆ ಊಟ ಮಾಡಿ ಮಾಡಿ, ಎರಡು ಕಡ್ಡಿಯಲ್ಲಿ ಕಡಲೆಬೀಜ ಎತ್ತುವಷ್ಟು ಮುಂದುವರಿದಿದ್ದಾನೆ.

"ಭಾವ, ನಮ್ಮ ರಾಮನಗರದಲ್ಲೇ ಒಂದು ಥಾಯ್ ಹೋಟ್ಲು ಐತೆ. ನಾಳೆ ಬನ್ನಿ. ತಟ್ಟೆಗೆ ಬಂದಿದ್ದನ್ನೆಲ್ಲಾ ನೀರು ಕೇಳ್ದೆ ಉಂಡ್ರೆ ಅಕ್ಕ ಭಾನುವಾರದ ಮಾತೇ ಎತ್ತಾಕಿಲ್ಲ. ನೀರು ಕೇಳುದ್ರೋ, ಇನ್ಮೇಲೆ ಭಾನುವಾರ ಭಾನುವಾರ ಹಿಟ್ಟು ತಿರುವೋರು ನೀವೇ!"

"ಲೇ ಬಾಲರಾಜು, ಸೋಲೂರಲ್ಲಿ ಒಂಬತ್ತು..."

"ಗೊತ್ತು ಭಾವ. ಡ್ರಮ್ಮು ನೋಡಿವ್ನಿ."

ಒಪ್ಪಿಕೊಂಡೆ! ತೀರ್ಪು ಕೊಡುವುದಕ್ಕೆ ನನ್ನ ತಾಯಿ ಬೈರಮ್ಮನನ್ನು ಕರೆದುಕೊಂಡು ಹೋಗುವುದು ಅಂತಾಯಿತು. ಅಮ್ಮನಿಗೆ ಎಪ್ಪತ್ತನಾಲ್ಕು ವರ್ಷ, ಬಾಯಲ್ಲಿ ಏಳು ಹಲ್ಲು, ಮುದ್ದೆ ಬಿಟ್ಟು ಬೇರೆಯದನ್ನು ಊಟ ಅಂತ ಕರೆದವಳೇ ಅಲ್ಲ. ಹೆತ್ತ ತಾಯಿಯೇ ಅಂಪೈರ್! ಪಂದ್ಯ ಶುರುವಾಗುವ ಮೊದಲೇ ನಾನು ಗೆದ್ದಿದ್ದೆ.

ಹೋಟೆಲ್ಲು ಇದ್ದದ್ದು ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ. ಮೊದಲು ಅದು ನೂಲು ತೆಗೆಯುವ ಶೆಡ್ಡು, ಗೂಡು ಬೇಯುವ ವಾಸನೆಗೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು. ಈಗ ಬಾಗಿಲ ಮೇಲೆ 'ಥಾಯ್ ಮನೆ' ಅಂತ ಬೋರ್ಡು, ಒಳಗೆ ಆರು ಟೇಬಲ್ಲು. ಟೇಬಲ್ಲಿಗೆ ನಂಬರಿನ ಬದಲು ಒಂದೊಂದು ಚನ್ನಪಟ್ಟಣದ ಬೊಂಬೆ ಇಟ್ಟಿದ್ದರು. ನಮ್ಮದು ತಲೆಯಾಡಿಸುವ ಅಜ್ಜನ ಬೊಂಬೆ. ಟೇಬಲ್ಲು ಒಸಿ ಅಲುಗಿದರೂ ಸಾಕು, 'ಬೇಡ ಬೇಡ' ಅನ್ನುತ್ತಿತ್ತು. ಅದರ ಮಾತನ್ನು ಆಗಲೇ ಕೇಳಬೇಕಿತ್ತು.

"ಸಾರ್! ಪಿ.ಟಿ. ಸಾರ್!" ಅಂತ ಒಬ್ಬ ಓಡಿಬಂದ. ಆಫ್ತಾಬ್! ನನ್ನ ಹಳೆಯ ಶಿಷ್ಯ. ಆ ಶೆಡ್ಡು ಅವರಪ್ಪನದೇ. ಪ್ರಾರ್ಥನೆಗೆ ತಡವಾಗಿ ಬರುತ್ತಿದ್ದ ಅಂತ ಅವನನ್ನು ಮೈದಾನದ ಸುತ್ತ ನಾನು ಓಡಿಸಿದಷ್ಟು ಯಾರೂ ಓಡಿಸಿಲ್ಲ. ಆಮೇಲೆ ಬ್ಯಾಂಕಾಕಿನವರೆಗೂ ಓಡಿ, ಅಲ್ಲಿನ ಹೋಟೆಲ್ಲೊಂದರಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿ, ವಾಪಸ್ ಬಂದು ಇದನ್ನು ತೆರೆದಿದ್ದ.

"ಸಾರ್, ಮೊದ್ಲು ಪರಂಗಿಕಾಯಿ ಕುಟ್ಟಿ ಕೊಡ್ತೀನಿ. ಮೆಣಸಿನಕಾಯಿ ಎಷ್ಟು ಹಾಕ್ಲಿ? ಒಂದಾ, ಎರಡಾ?"

"ಜಾಸ್ತಿ ಅಂದ್ರೆ ಎಷ್ಟು ಹಾಕ್ತೀಯ?"

"ಐದು ಸಾರ್. ಆದ್ರೆ ಅದು ಅಲ್ಲಿನ ಮೆಣಸಿನಕಾಯಿ..."

"ಆರು ಹಾಕು ಕಣ್ಲಾ!"

ಬಂತು. ಹಸಿ ಪರಂಗಿಯ ತುರಿ, ಕಡಲೆಬೀಜ, ನಿಂಬೆಹುಳಿ. ಇಷ್ಟೇನಾ ಅಂದುಕೊಂಡು ಎರಡು ಹಿಡಿ ಬಾಯಿಗೆ ಹಾಕಿದೆ. ಮೊದಲು ಕಿವಿ ಹೋಯಿತು, ಬಾಲರಾಜು ಏನೋ ಹೇಳುತ್ತಿದ್ದ, ಬಾಯಿ ಮಾತ್ರ ಆಡುತ್ತಿತ್ತು. ಆಮೇಲೆ ಮೂಗಿನಿಂದಲೂ ಕಣ್ಣಿನಿಂದಲೂ ಗಂಗೆ ಯಮುನೆ!

"ಯಾಕ್ರೀ ಅಳ್ತಾ ಇವ್ರಿ?" ಅಂದಳು ರಾಧಾಮಣಿ.

"ಅಪ್ಪ ನೆನಪಾದ."

"ಬದುಕಿದ್ದಾಗ ಒಂದಿನಾನೂ ನೆನೀನಿಲ್ಲ, ಪರಂಗಿಕಾಯಿ ತಿಂದ್ರೆ ನೆಪ್ಪಾಯ್ತಾನಾ?" ಅಂದಳು ಅಂಪೈರ್. ಆಕೆ ತನ್ನ ಪಾಲಿನದನ್ನು ಆಗಲೇ ಅರ್ಧ ಮುಗಿಸಿದ್ದಳು. ಅವಳದಕ್ಕೆ ಮೆಣಸಿನಕಾಯಿಯೇ ಇರಲಿಲ್ಲ, ಅದು ಬೇರೆ ಮಾತು.

ನೀರಿನ ಜಗ್ಗು ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಬಾಲರಾಜು ಅದನ್ನು ಒಂದು ಇಂಚು ನನ್ನ ಕಡೆಗೆ ತಳ್ಳಿದ. ನಾನು ಎರಡು ಇಂಚು ಹಿಂದಕ್ಕೆ ತಳ್ಳಿದೆ!

ಆಮೇಲೆ ತೆಂಗಿನಹಾಲಿನ ಸೂಪು. ಅದರಲ್ಲಿ ಹಸಿರು ಕಡ್ಡಿಯೊಂದು ತೇಲುತ್ತಿತ್ತು. ನುಗ್ಗೆಕಾಯಿ ಜಾತಿಯದು ಇರಬೇಕು ಅಂತ ಬಾಯಿಗಿಟ್ಟು ಜಗಿದೆ. ಜಗಿದೇ ಜಗಿದೆ. ಅದು ನಾರಾಯಿತೇ ಹೊರತು ನುಣ್ಣಗಾಗಲಿಲ್ಲ. ತಟ್ಟೆಗೆ ಬಂದಿದ್ದನ್ನೆಲ್ಲಾ ಅನ್ನುವುದು ತಾನೇ ಷರತ್ತು? ನುಂಗಿದೆ!

"ಅರೆ ಸಾರ್, ಅದು ಮಜ್ಜಿಗೆಹುಲ್ಲು! ಘಮಕ್ಕೆ ಹಾಕೋದು, ತಿನ್ನೋದಲ್ಲ."

"ಘಮವಾಗೇ ಇತ್ತು," ಅಂದೆ. ರಾಧಾಮಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಕೊನೆಗೆ ಬಂತು ನೋಡಿ, ಬಿದಿರಿನ ಪುಟ್ಟ ಬುಟ್ಟಿ. ಜೊತೆಗೊಂದು ಬಟ್ಟಲು ಹಸಿರು ಕೋಳಿ ಸಾರು. ಬುಟ್ಟಿಯ ಮುಚ್ಚಳ ತೆಗೆದರೆ ಹಬೆಯಾಡುವ ಬಿಳಿಯ ಅನ್ನ, ಅಗುಳು ಅಗುಳೂ ಒಂದಕ್ಕೊಂದು ಅಂಟಿಕೊಂಡು ಒಂದೇ ಮುದ್ದೆಯಾಗಿ ಕೂತಿದೆ!

"ಇದು ಅಂಟನ್ನ ಸಾರ್. ಚಮಚ ಬೇಡ. ಕೈಯಲ್ಲೇ ಮುರ್ದು, ಉಂಡೆ ಮಾಡಿ, ಸಾರಲ್ಲಿ ಅದ್ದಿ..."

ನನ್ನ ಎದೆ ಉಬ್ಬಿತು. ಮುರಿ, ಉಂಡೆ ಮಾಡು, ಅದ್ದು! ಇದು ಯಾವ ದೇಶದ ಊಟ ಸ್ವಾಮಿ? ನಮ್ಮ ಮಾಗಡಿ ಕಡೆಯದಲ್ಲವೇ? ರಾಗಿಯ ಬದಲು ಅಕ್ಕಿ, ಅಷ್ಟೇ ತಾನೇ!

"ಸಾರ್, ಇನ್ನೊಂದು ಮಾತು, ಇದನ್ನ..."

"ಏನ್ಲಾ ಆಫ್ತಾಬ್! ಉಂಡೆ ಮಾಡಿ ಉಣ್ಣೋದನ್ನ ನನಗೇ ಹೇಳ್ಕೊಡ್ತೀಯಾ? ಹೋಗು, ಎರಡು ರೌಂಡ್ ಓಡ್ಬಾ!"

ಪಾಪ, ಹಳೆಯ ಅಭ್ಯಾಸ. ತಿರುಗಿ ನಾಲ್ಕು ಹೆಜ್ಜೆ ಅಡುಗೆಮನೆ ಕಡೆಗೆ ಓಡಿಯೂಬಿಟ್ಟ.

ನಾನು ಸೋಲೂರಿನ ಅಳತೆಯ ಒಂದು ಉಂಡೆ ಕಟ್ಟಿದೆ. ದೊಡ್ಡ ನಿಂಬೆಹಣ್ಣಿನ ಗಾತ್ರ. ಹಸಿರು ಸಾರಲ್ಲಿ ಹೊರಳಿಸಿದೆ. ಬಾಲರಾಜುವಿನ ಕಣ್ಣಲ್ಲಿ ಕಣ್ಣಿಟ್ಟು, ಹಲ್ಲಿಗೆ ತಾಗಿಸದೆ ಗುಳಕ್ಕನೆ ನುಂಗಿದೆ!

ಮುದ್ದೆಯಾಗಿದ್ದರೆ ಜಾರಿ ಮನೆ ಸೇರಿರುತ್ತಿತ್ತು. ಇದು ಎದೆಯ ನಡುಮಧ್ಯಕ್ಕೆ ಹೋಗಿ ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಅಂಟನ್ನ ಅಲ್ಲವೇ, ಅಂಟಿಕೊಂಡಿತು!

ಉಸಿರಿಗೇನೂ ತೊಂದರೆ ಇರಲಿಲ್ಲ, ಆದರೆ ಬಿಕ್ಕಳಿಕೆ ಶುರುವಾಯಿತು. ಎಂಥ ಬಿಕ್ಕಳಿಕೆ! ಒಂದೊಂದಕ್ಕೂ ಟೇಬಲ್ಲು ಅಲುಗುತ್ತಿತ್ತು, ಅಜ್ಜನ ಬೊಂಬೆ 'ಬೇಡ ಬೇಡ' ಅಂತ ತಲೆಯಾಡಿಸುತ್ತಿತ್ತು.

"ಏನಾಯ್ತು ಭಾವ?"

"ಏ... ಹಿಕ್... ಏನಿಲ್ಲ!"

"ನೀರು ಬೇಕಾ?"

"ಬೇ... ಹಿಕ್... ಬೇಡ!"

ನೀರು ತಾನೇ ಕೇಳಬಾರದು? ಉಳಿದ ಸೂಪನ್ನು ಎತ್ತಿ ಕುಡಿದೆ. ಕದಲಲಿಲ್ಲ. ಹಸಿರು ಸಾರನ್ನು ಬಟ್ಟಲಿಗೇ ಬಾಯಿಟ್ಟು ಹೀರಿದೆ. ಉಂಡೆ ಅಲ್ಲೇ ಇತ್ತು, ಖಾರ ಮಾತ್ರ ಹೆಚ್ಚಾಯಿತು. ಬಾಲರಾಜುವಿನ ಮುಂದಿದ್ದ ಪುಟ್ಟ ಬಟ್ಟಲಲ್ಲಿ ಕಂದುಬಣ್ಣದ ರಸವೊಂದಿತ್ತು, ಕಿತ್ತುಕೊಂಡು ಗಟಗಟ ಇಳಿಸಿದೆ. ಅದು ಮೀನಿನ ಉಪ್ಪುರಸ! ಅದರ ರುಚಿಯನ್ನು ಬಣ್ಣಿಸುವ ಶಕ್ತಿ ನನಗಿಲ್ಲ, ಮನೆಯಲ್ಲಿ ಹೆಂಗಸರು ಮಕ್ಕಳು ಓದುತ್ತಿರುತ್ತಾರೆ.

"ರೀ, ಹಟ ಸಾಕು. ನೀರು ಕುಡೀರಿ. ನಂಗೆ ಭಾನುವಾರಾನೂ ಬ್ಯಾಡ, ಏನೂ ಬ್ಯಾಡ!" ಅಂದಳು ರಾಧಾಮಣಿ. ಅವಳ ಮುಖ ನಿಜವಾಗಿಯೂ ಬಾಡಿತ್ತು. ನೋಯುವ ಮುಂಗೈಯಿಂದಲೇ ನನ್ನ ಬೆನ್ನು ನೀವುತ್ತಿದ್ದಳು. ಆ ಕ್ಷಣ ನನಗೆ ನಾಚಿಕೆಯಾಯಿತು, ಒಪ್ಪುತ್ತೇನೆ. ಆದರೆ ಪ್ರತಿಜ್ಞೆ ಪ್ರತಿಜ್ಞೆಯೇ! ಕಣ್ಣಾಡಿಸಿದೆ. ಅಮ್ಮನ ಪಕ್ಕದಲ್ಲಿ ಇನ್ನೊಂದು ಬಟ್ಟಲು. ಹದವಾದ ಬಿಸಿ, ಮೇಲೊಂದು ನಿಂಬೆ ಹೋಳು ತೇಲುತ್ತಿದೆ. ಇದೂ ಒಂದು ಥಾಯ್ ಸೂಪು! ಎತ್ತಿದೆ, ಅಷ್ಟನ್ನೂ ಒಂದೇ ಗುಟುಕಿಗೆ ಕುಡಿದೆ.

ಉಂಡೆ ಜರುಗಿತು. ಮೆಲ್ಲಗೆ ಇಳಿಯಿತು. ಬಿಕ್ಕಳಿಕೆ ನಿಂತಿತು. ನಾನು ಎರಡೂ ಕೈ ಮೇಲೆತ್ತಿ, "ಗೆದ್ದೆ!" ಅಂತ ಕೂಗಿದೆ.

ಬಾಲರಾಜು ಖಾಲಿ ಬಟ್ಟಲಿನೊಳಗೆ ಬಗ್ಗಿ ನೋಡಿದ.

"ಲೋ ನಟರಾಜು," ಅಂದಳು ಅಮ್ಮ, "ಅದು ನಾನು ಕೈ ತೊಳ್ದ ನೀರು ಕಣ್ಲಾ!"

ಮೆಟ್ಟಿಲಿಳಿದು ನಲ್ಲಿಗೆ ಹೋಗುವುದು ಅಜ್ಜಿಗೆ ಕಷ್ಟ ಅಂತ ಆಫ್ತಾಬನೇ ತಂದಿಟ್ಟಿದ್ದನಂತೆ. ಅಷ್ಟೊತ್ತಿಗೆ ಅವನೂ ಓಡಿಬಂದ. "ಸಾರ್, ಅದೇ ಹೇಳಕ್ಕೆ ಬಂದೆ ಸಾರ್ ಆಗ. ಅಂಟನ್ನಾನ ಚೆನ್ನಾಗಿ ಅಗಿದು ತಿನ್ಬೇಕು ಅಂತ!"

"ನಾನು ನೀರು ಕೇಳಿಲ್ಲ!" ಅಂತ ಗುಡುಗಿದೆ. "ಷರತ್ತು ಏನು? ನೀರು ಕೇಳಬಾರದು. ನಾನು ಕೇಳಿದ್ನಾ? ಯಾರಾದ್ರೂ ಕೇಳಿದ್ದು ಕೇಳಿಸ್ಕೊಂಡ್ರಾ? ಮೇಲಾಗಿ ನಿಂಬೆಹೋಳು ಇದ್ದ ಮೇಲೆ ಅದು ನೀರಲ್ಲ, ಪಾನಕ!"

ಎಲ್ಲರೂ ಅಂಪೈರ್ ಕಡೆ ನೋಡಿದರು. ಅಮ್ಮ ತನ್ನ ಬುಟ್ಟಿಯ ಕೊನೆಯ ತುತ್ತು ಅಂಟನ್ನವನ್ನು ನಿಧಾನವಾಗಿ ಮೆಲ್ಲುತ್ತಿದ್ದಳು. ಬುಟ್ಟಿ ಖಾಲಿ! ಸೂಪು ಖಾಲಿ! ನನ್ನ ಕಡೆಯ ಅಂಪೈರ್ ಎದುರು ಪಕ್ಷದ ಊಟವನ್ನು ಚೂರೂ ಬಿಡದೆ ಮುಗಿಸಿದ್ದಳು.

"ಏಳು ಹಲ್ಲಿಟ್ಕೊಂಡು ನಾನು ಅಗಿದು ಅಗಿದು ತಿಂತಾ ಇವ್ನಿ, ಬಾಯ್ತುಂಬಾ ಹಲ್ಲು ಮಡಿಕ್ಕೊಂಡು ನೀನು ನುಂಗ್ತೀಯಲ್ಲೋ!" ಅಂದಳು. "ತಾಯಿ ಕೈ ತೊಳ್ದ ನೀರನ್ನ ಕಿತ್ಕೊಂಡು ಕುಡ್ದಿದ್ದೀಯ. ಕೇಳೋದು ಬ್ಯಾರೆ ಕೇಡಾ ನಿಂಗೆ? ಸೋತೆ. ಭಾನುವಾರ ಹಿಟ್ಟು ನಿಂದು!"

ಇದು ಪಕ್ಷಪಾತದ ತೀರ್ಪು. ಅಂಪೈರ್ ಎದುರು ಪಕ್ಷದ ಅನ್ನ ತಿಂದಿದ್ದಳು. ನಾನಿದನ್ನು ಇವತ್ತಿಗೂ ಒಪ್ಪಿಲ್ಲ, ಮುಂದೆಯೂ ಒಪ್ಪುವುದಿಲ್ಲ! ಆದರೂ ಮುಂದಿನ ಭಾನುವಾರ ಒಲೆಯ ಮುಂದೆ ನಿಂತೆ. ಸೋತೆ ಅಂತಲ್ಲ, ಮಾತಿಗೆ ತಪ್ಪುವವನಲ್ಲ ಅಂತ. ರಾಧಾಮಣಿ ಹಜಾರದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು.

"ನೀರು ಮರಳಿದ್ ಮೇಲೆ ಹಿಟ್ಟು ಹಾಕಿ, ಒಸಿ ಬೇಯಕ್ಕೆ ಬುಡಿ. ಆಗ್ಲೇ ಕೈ ಹಾಕ್ಬ್ಯಾಡಿ," ಅಂತ ಅಲ್ಲಿಂದಲೇ ಕೂಗಿದಳು.

"ಸೋಲೂರಲ್ಲಿ ಗೆದ್ದವನಿಗೆ ಮುದ್ದೆ ಹೇಳ್ಕೊಡ್ಬೇಡ!"

ಡ್ರಮ್ಮಿನಿಂದ ಹಿಟ್ಟು ತೆಗೆದೆ. ಮೇಲೆ ನನ್ನದೇ ಹೆಸರು ಫಳಫಳ ಹೊಳೆಯುತ್ತಿತ್ತು. ಸುರಿದೆ, ಸುರಿದ ಕೂಡಲೇ ತಿರುವಿದೆ. ಹತ್ತು ಸುತ್ತಿಗೆ ಮುಂಗೈ ಹಿಡಿದುಕೊಂಡಿತು, ಇಪ್ಪತ್ತಕ್ಕೆ ಭುಜ ಕೂಗಿಕೊಂಡಿತು. ಹತ್ತೊಂಬತ್ತು ವರ್ಷ ದಿನಾ ಇದನ್ನು ಮಾಡಿದವಳು ಒಂದು ಭಾನುವಾರ ಕೇಳಿದ್ದಕ್ಕೆ ನಾನು ಸ್ಪರ್ಧೆಗೆ ಇಳಿದಿದ್ದೆ. ಕೋಲಿನ ಮೇಲೆ ಒರಗಿ ನಿಂತಾಗ ಇದು ತಲೆಗೆ ಹೊಳೆಯಿತು, ಜೋರಾಗಿ ಮಾತ್ರ ಹೇಳಲಿಲ್ಲ.

ತಟ್ಟೆಗೆ ಬಡಿಸಿದೆ. ನೋಡುವುದಕ್ಕೆ ಮುದ್ದೆಯೇ. ಅಮ್ಮ ಒಂದು ತುತ್ತು ಮುರಿದು, ಸಾರಲ್ಲಿ ಹೊರಳಿಸಿ ಬಾಯಿಗಿಟ್ಟಳು. ಬಾಯಲ್ಲೇ ನಿಂತಿತು. ಬೆರಳು ಹಾಕಿ ಗೋಲಿ ಗಾತ್ರದ ಹಸಿಹಿಟ್ಟಿನ ಗಂಟೊಂದನ್ನು ತೆಗೆದು ತಟ್ಟೆಯ ಅಂಚಿಗಿಟ್ಟಳು. ಆಮೇಲೆ ಇನ್ನೊಂದು, ಮತ್ತೊಂದು. ರಾಧಾಮಣಿ ನಗು ತಡೆಯಲಾರದೆ ಸಾರಿನ ಪಾತ್ರೆ ಹಿಡಿದುಕೊಂಡು ಒಳಗೆ ಓಡಿದಳು.

"ಅಲ್ಲ ಕಣ್ಲಾ ನಟರಾಜು," ಅಂದಳು ಅಮ್ಮ. "ಅಗಿಯೋದನ್ನ ನುಂಗ್ಬುಟ್ಟೆ. ಈಗ ನುಂಗೋದನ್ನ ಅಗಿಯೋ ಹಂಗೆ ಮಾಡಿ ಮಡಗಿದ್ದೀಯ. ಏನಪ್ಪಾ ಮಾಡ್ಲಿ ನಿನ್ನ?"

ತಕ್ಕ ಉತ್ತರ ನನ್ನ ಬಳಿ ಇತ್ತು. ಆದರೆ ಕೊಡಲಾಗಲಿಲ್ಲ. ನನ್ನ ಬಾಯಲ್ಲೂ ಮುದ್ದೆ ಇತ್ತು, ಅಗಿಯುತ್ತಿದ್ದೆ.