ಹೊಗೆ ಮೇಲಕ್ಕೆ ಹೋಗುತ್ತದೆ ಎಂದು ನಾನು ಹೇಳಿದ್ದು

ತಿಳಿಯದ ವಿಷಯವನ್ನು ತಿಳಿದವರಿಗೇ ವಿವರಿಸುವ ಧೈರ್ಯ ಹುಟ್ಟಿನಿಂದ ಬರುವುದಿಲ್ಲ. ಅದಕ್ಕೆ ಕಚೇರಿಯ ಕುರ್ಚಿಯಲ್ಲಿ ಕೆಲವು ವರ್ಷ ಕೂರಬೇಕು. ಸ್ವಾತಂತ್ರ್ಯ ಬಂದು ಹದಿನೈದು ವರ್ಷವಾಗಿದ್ದ ಆ ಕಾಲದಲ್ಲಿ ನಾನು ನಮ್ಮೂರ ಪುರಸಭೆಯಲ್ಲಿ ಗುಮಾಸ್ತ. ಊರ ತುಂಬ ರೇಷ್ಮೆ ನೂಲು ತೆಗೆಯುವ ಮನೆಗಳು. ನೂಲು ತೆಗೆದಾದ ಮೇಲೆ ಉಳಿಯುವ ಸತ್ತ ಹುಳುಗಳ ನಾತಕ್ಕೆ ಬೇಸತ್ತು, ಕಸದ ಜೊತೆ ಅವನ್ನೂ ಸುಡಲು ಒಂದು ಭಟ್ಟಿ ಕಟ್ಟಿಸುವುದೆಂದು ತೀರ್ಮಾನವಾಯಿತು. ಜಾಗ ಮೇಲೂರು ರಸ್ತೆಯಲ್ಲಿ, ವೆಂಕಟಮ್ಮನವರ ಹಿಪ್ಪುನೇರಳೆ ತೋಟದ ಪಕ್ಕ. ಹೊಗೆ ಹಿಡಿದ ಸೊಪ್ಪು ತಿಂದರೆ ಹುಳು ಸಾಯುತ್ತವೆಂದು ಅವರು ತಕರಾರು ತೆಗೆದರು. ಸಮಾಧಾನ ಹೇಳಿ ಬರಲು ಅಧ್ಯಕ್ಷರು ನನ್ನನ್ನು ಅಟ್ಟಿದರು.

ಸೈಕಲ್ ನಿಲ್ಲಿಸಿ ಹುಳು ಸಾಕುವ ಮನೆಗೆ ನುಗ್ಗಹೋದೆ. ಬಾಗಿಲಲ್ಲೇ ತಡೆದ ವೆಂಕಟಮ್ಮ, "ಸದ್ದು ಮಾಡ್ಬೇಡಿ ಸ್ವಾಮಿ, ಹುಳ ಮೂರನೇ ಜ್ವರದಾಗವೆ" ಅಂದರು.

"ಅಯ್ಯೋ ಪಾಪ! ಔಷಧಿ ಏನಾದ್ರೂ ಕೊಟ್ರಾ?" ಅಂದೆ.

ಒಳಗಿದ್ದ ಅವರ ಯಜಮಾನರು ತೆಲುಗಿನಲ್ಲಿ ಏನೋ ಹೇಳಿಕೊಂಡು ನಕ್ಕರು. ಹುಳು ಮೇವು ಬಿಟ್ಟು, ಮಲಗಿ, ಪೊರೆ ಕಳಚುವುದಕ್ಕೆ ಇಲ್ಲಿ ಜ್ವರವೆನ್ನುತ್ತಾರೆಂದು ಆಮೇಲೆ ತಿಳಿಯಿತು. ಅಷ್ಟು ತಿಳಿಯದವನು ಹೊಗೆಯ ಬಗ್ಗೆ ಭಾಷಣ ಬಿಗಿದೆ. "ಹೊಗೆ ಹಗುರ, ವೆಂಕಟಮ್ಮನವರೇ. ನೆಟ್ಟಗೆ ಮೇಲಕ್ಕೆ ಹೋಗುತ್ತೆ."

"ಹಂಗಾದ್ರೆ ಒಂದಿನ ಸುಟ್ಟು ತೋರ್ಸಪ್ಪ, ನೋಡಣ."

ಮರುವಾರ ಅದೇ ಜಾಗದಲ್ಲಿ ಕಸ ರಾಶಿ ಹಾಕಿ ಬೆಂಕಿ ಕೊಟ್ಟೆವು. ಹೊಗೆ ಎರಡಾಳು ಎತ್ತರ ಏರಿತು. ಮನಸ್ಸು ಬದಲಿಸಿದಂತೆ ಬಾಗಿತು. ಇಡೀ ತೋಟದ ಮೇಲೆ ಮಲಗಿಬಿಟ್ಟಿತು. ವೆಂಕಟಮ್ಮ ಕೂಗಾಡಲಿಲ್ಲ. ಹುಳುಮನೆಯ ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದ್ದರು. ಒಂದೇ ಒಂದು ತಟ್ಟೆಯ ಹುಳುಗಳಿಗೆ ಹೊಗೆ ಕುಡಿದ ಸೊಪ್ಪು ಹಾಕಿ, ಉಳಿದವಕ್ಕೆ ಹೊಗೆ ತಾಕದ ದೂರದ ತೋಟವೊಂದರಿಂದ ತಂದರು.

ಮೂರನೆಯ ದಿನ ನನಗೆ ಕರೆ ಬಂತು. ಉಳಿದ ತಟ್ಟೆಗಳಲ್ಲಿ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಆ ಒಂದು ತಟ್ಟೆಯಲ್ಲಿ ಮಾತ್ರ ಸದ್ದಿಲ್ಲ. ಹುಳುಗಳು ತಲೆಯೆತ್ತದೆ ಮೆತ್ತಗೆ ಬಿದ್ದಿದ್ದವು. ವೆಂಕಟಮ್ಮ ಒಂದೊಂದನ್ನೇ ಎಲೆಯ ಮೇಲೆ ಎತ್ತಿಡುತ್ತ, "ಬೇಕಂತ್ಲೇ ಸಾಯಿಸ್ದೆ ಕಣಪ್ಪ ಇವನ್ನ. ನಿಮ್ಗೆ ತೋರ್ಸಾಕೆ" ಅಂದರು.

ಆ ಸಂಜೆಯೇ ವರದಿ ಬರೆದೆ: "ಪರಿಣತರು ಪ್ರಯೋಗ ನಡೆಸಿ ಕಂಡುಕೊಂಡಂತೆ, ಸದರಿ ಸ್ಥಳವು ಯೋಗ್ಯವಲ್ಲ." ಭಟ್ಟಿ ಊರಾಚೆಯ ಬಂಡೆಗಳ ನಡುವೆ ಹೋಯಿತು. ಅಧ್ಯಕ್ಷರು ತುಂಬಿದ ಸಭೆಯಲ್ಲಿ ವರದಿಯನ್ನು ಓದಿಸಿ, "ಪರಿಣತರು ಅಂತ ಯಾಕ್ರೀ ಮುಚ್ಚಿಡ್ತೀರಿ? ಅದು ನೀವೇ ಅಂತ ನಮ್ಗೆ ಗೊತ್ತಾಗಲ್ವೇ?" ಎಂದು ನನ್ನ ಬೆನ್ನು ತಟ್ಟಿದರು.

ವೆಂಕಟಮ್ಮನವರ ಹೆಸರು ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ಅದನ್ನವರು ವಿನಯವೆಂದುಕೊಂಡರು, ನಾನೂ ತಿದ್ದಲು ಹೋಗಲಿಲ್ಲ.