ಬಲಗಡೆಯ ನೇರ ಕಾಲುವೆ

ಸುಂಕಣ್ಣನ ಎದೆಯ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಬುಡ ಮಾತ್ರ ಹಾಳಾಗಿತ್ತು. ಎಲ್ಲ ತಾಪತ್ರಯಕ್ಕೂ ಮೂಲ ಆ 'ಮಾತ್ರ'. ಎರಡೂ ಕಡೆ ಹಾಳಾಗಿದ್ದರೆ ಮರ್ಯಾದೆಯಿಂದ ಸಾಯಬಹುದಿತ್ತು.

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹನ್ನೊಂದು ವರ್ಷ ಚೀಲಕ್ಕೆ ಹೊಟ್ಟು ತುಂಬಿದವನು ಅವನು. ರೋಗ ಗಿರಣಿಯಿಂದಲೇ ಬಂತೆಂದು ಬಳ್ಳಾರಿಯ ಕಾರ್ಮಿಕ ಇಲಾಖೆಯ ಸಾಹೇಬರು ಬರೆದುಕೊಟ್ಟರೆ ಚಿಕಿತ್ಸೆಯ ಖರ್ಚು ಗಿರಣಿಯ ಪಾಲು. ಇಲ್ಲವಾದರೆ ಚಿಕಿತ್ಸೆಯೇ ಇಲ್ಲ. ವಿಚಾರಣೆ ಅವತ್ತೇ ಮಧ್ಯಾಹ್ನ.

"ಧೂಳು ಎರಡೂ ಮೂಗಿನ್ಯಾಗ ಹೋಗತೈತಿ, ಒಂದ ಕಡೆ ಹೆಂಗ ಕೆಡತೈತಲೇ?" ಎಂದ ಮ್ಯಾನೇಜರ್ ಶೇಖರ್, ಬೆಳಿಗ್ಗೆ ಗೇಟಿನಲ್ಲೇ. "ನೀ ಬಲಗೈಲೆ ಬೀಡಿ ಸೇದತಿ, ಅದಕ್ಕ."

"ನಾ ಬೀಡಿ ಮುಟ್ಟಿಲ್ಲರಿ."

"ಹಂಗಾರ ಬಲಮಗ್ಗಲ ಮಲಗತಿ."

"ಹೌದರಿ, ಉಂಡ ಮ್ಯಾಲ ಹಂಗ ಮಲಗತಾನ. ನಾನ ನೋಡೀನಿ," ಎಂದು ಜೊತೆಯ ಹಮಾಲಿ ದುರ್ಗೇಶ್ ಕೇಳದೆಯೇ ಸಾಕ್ಷಿ ಹೇಳಿದ. ಸುಂಕಣ್ಣ ಉತ್ತರ ಕೊಡಹೋದ. ಚಾಲೂ ಆಗದ ಹಳೇ ಟ್ರ್ಯಾಕ್ಟರಿನಂತೆ ಬರೀ ಕೆಮ್ಮು ಬಂತು.

ಬಸ್ಸು ಹತ್ತಿ ಕುರುಗೋಡಿನ ಆಸ್ಪತ್ರೆಗೆ ಓಡಿದ. ಡಾಕ್ಟರ್ ಗಂಗೋತ್ರಿ ಚೀಟಿಯ ಹಿಂದೆ ಚಿತ್ರ ಬರೆದರು. "ಉಸಿರಿನ ಕೊಳವಿ ಎದಿಯಾಗ ಎರಡಾಗತೈತಿ. ಎಡದ್ದು ಸಣ್ಣದು, ಬಾಗೈತಿ. ಬಲದ್ದು ಅಗಲ, ನೆಟ್ಟಗ ಇಳೀತೈತಿ. ಒಳಗ ಬಿದ್ದ ಹೊಟ್ಟಿನ ಚೂರು ಬಾಳ ಸಲ ಅಲ್ಲೇ ಹೋಗಿ ಕುಂದರತೈತಿ. ಅಲ್ಲೇ ಕೊಳಸತೈತಿ."

"ನಮ್ಮ ಕಾಲುವಿ ಹಂಗ ಅನ್ರಿ ಅಮ್ಮಾರ. ನೇರ ಇದ್ದ ಕಡೀಗೇ ನೀರು, ಅಲ್ಲೇ ಹೂಳು."

"ಸಾಹೇಬರಿಗೂ ಹಿಂಗ ಹೇಳಪಾ."

ಮಧ್ಯಾಹ್ನ ಬಳ್ಳಾರಿಯಲ್ಲಿ ಹಂಗೇ ಹೇಳಿದ. ಸಾಹೇಬರ ಮೇಜಿನ ಮೇಲೆ ಬೆರಳಿನಿಂದ ಕಾಲುವೆ ಕಡಿದು, ಚಿತ್ರದ ಚೀಟಿ ಹರಡಿ, "ಕಾಲುವಿ ನಂದರಿ. ಹೂಳು ತಂದು ಸುರಿದವರು ಗಿರಣಿಯವರು," ಎಂದ. ರಾರಾವಿ ಊರಿನ ಗದ್ದೆಯಲ್ಲಿ ಬೆಳೆದ ಸಾಹೇಬರಿಗೆ ಥಟ್ಟನೆ ಅರ್ಥವಾಯಿತು. ಗಿರಣಿಯ ಪರ ಬಂದಿದ್ದ ಶೇಖರ್ ಚೀಟಿಯ ಮೇಲೆ ಬಾಗಿ ನೋಡಿದ. ಸುಂಕಣ್ಣ ಎಷ್ಟೋ ತಿಂಗಳ ಮೇಲೆ ಎದೆ ತುಂಬ ಉಸಿರೆಳೆದ.

"ಅಂವ ಹೇಳಿದ್ದು ಖರೇ ಐತ್ರಿ ಸಾಹೇಬ್ರ," ಎಂದ ಶೇಖರ್, ಮೆಲ್ಲಗೆ. "ಬಲದ ಕೊಳವಿ ನೆಟ್ಟಗಿದ್ದದ್ದಕ್ಕ ಕೆಟ್ಟೈತಿ. ಆ ಕೊಳವಿ ಏನ್ ನಾವು ಕೂಡಿಸಿದ್ದನ್ರಿ?"

ಸಾಹೇಬರು ಬಹಳ ಹೊತ್ತು ಯೋಚಿಸಿ ಬರೆದರು: 'ಹಾನಿಗೆ ಕಾರಣ, ಅರ್ಜಿದಾರನ ಉಸಿರುಕೊಳವೆಯ ಹುಟ್ಟು ರಚನೆ. ಇದನ್ನು ಆತನೇ ಚಿತ್ರಸಮೇತ ಒಪ್ಪಿರುತ್ತಾನೆ.'

ಸಹಿ ಹಾಕುವಾಗ ಕಿಟಕಿಯಿಂದ ಅದಿರು ಲಾರಿಯ ಕೆಂಧೂಳು ನುಗ್ಗಿತು. ಸಾಹೇಬರು ಒಮ್ಮೆ ಕೆಮ್ಮಿದರು. ಶೇಖರ್ ಎದ್ದು ಓಡಿ ಕಿಟಕಿ ಮುಚ್ಚಿದ.

"ಹುಷಾರ್ರಿ ಸಾಹೇಬ್ರ," ಎಂದ. "ಧೂಳು ಎದಿಗೆ ಬಾಳ ಕೆಟ್ಟದ್ದು."